ಬರಿದಾದ ಹೃದಯವೆ? ಅನ್ಯಧರ್ಮೀಯರ ಮುಕ್ತಿಯನ್ನು ಕುರಿತ ಕ್ರೈಸ್ತ ಚಿಂತನೆಯ ವಿಮರ್ಶೆ

ಶ್ರೀಮತಿ ಸಿಂಕ್ಲೇರ್ ಸ್ಟೀವನ್ಸನ್ ಅವರು ರಚಿಸಿದ ‘ದಿ ಹಾರ್ಟ್ ಆಫ್ ಜೈನಿಸಂ’ ಎಂಬ ಗ್ರಂಥವು ೧೯೧೫ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಪ್ರಕಟವಾಯಿತು. ಜೈನಧರ್ಮವನ್ನು ಸಮಗ್ರವಾಗಿ ಪರಿಚಯಿಸಿದ ಮೊದಮೊದಲಿನ ಇಂಗ್ಲಿಷ್ ಕೃತಿಗಳ ಸಾಲಿನಲ್ಲಿ ಅದಕ್ಕೆ ಸ್ಥಾನವುಂಟು. ಲೇಖಕಿಯು ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಷನ್ನಿಗೆ ಸೇರಿದವರು. ಕಾಠಿಯಾವಾಡದ ರಾಜಕೋಟದಲ್ಲಿದ್ದುಕೊಂಡು ಆ ಭಾಗದ ಶ್ವೇತಾಂಬರ ಹಾಗೂ ಸ್ಥಾನಕವಾಸಿ ಜೈನರಿಂದ ಕೇಳಿ ತಿಳಿದುದೇ ಆ ಗ್ರಂಥದ ಬಹುಪಾಲು ಸಾಮಗ್ರಿ. ಕರ್ನಾಟಕದ ದಿಗಂಬರ ಓದುಗನಿಗೆ ಅಲ್ಲಿನ ಕೆಲವು ವಿವರಗಳು ಅಪರಿಚಿತವೆನಿಸಿದರೆ ಅದಕ್ಕೆ ಇದೇ ಕಾರಣ. ನವತತ್ತ್ವಗಳು, ಕರ್ಮದ ಪ್ರಕೃತಿಗಳು, ಹದಿನಾಲ್ಕು ಗುಣಸ್ಥಾನಗಳು, ಶ್ರಾವಕನ ದ್ವಾದಶ ವ್ರತಗಳು, ಸಾಧುವಿನ ದಿನಚರಿ ಇವನ್ನೆಲ್ಲ ಅವರು ಸಹನೆಯಿಂದ, ಬಹುಮಟ್ಟಿಗೆ ಆದರದಿಂದಲೇ ನಿರೂಪಿಸಿದ್ದಾರೆ. ಕೊನೆಯ ಅಧ್ಯಾಯದ ಶೀರ್ಷಿಕೆ ಮಾತ್ರ ಓದುಗನನ್ನು ತಡೆದು ನಿಲ್ಲಿಸುತ್ತದೆ: ಜೈನಧರ್ಮದ ಬರಿದಾದ ಹೃದಯ.

ಈ ಅಧ್ಯಾಯವನ್ನು ಕಂಡು ಕೋಪಗೊಳ್ಳುವುದು ಸುಲಭ. ಅದನ್ನು ಬದಿಗಿರಿಸಿ ಉಳಿದ ಭಾಗವನ್ನು ಮೆಚ್ಚಿಕೊಳ್ಳುವುದು ಇನ್ನೂ ಸುಲಭ. ಆದರೆ ಇಷ್ಟೊಂದನ್ನು ಸರಿಯಾಗಿ ಕಂಡ ಕಣ್ಣು ಕೊನೆಗೆ ಬರಿದನ್ನೇ ಏಕೆ ಕಂಡಿತು ಎಂಬುದು ವಿಚಾರಣೀಯವಾದ ಪ್ರಶ್ನೆ. ಉತ್ತರವು ಗ್ರಂಥದ ಆರಂಭದಲ್ಲಿಯೇ ಇದೆ. ಜೆ. ಎನ್. ಫಾರ್ಕ್ವಾರ್ ಮತ್ತು ಎಚ್. ಡಿ. ಗ್ರಿಸ್ವೋಲ್ಡ್ ಸಂಪಾದಿಸಿದ ‘ದಿ ರಿಲಿಜಿಯಸ್ ಕ್ವೆಸ್ಟ್ ಆಫ್ ಇಂಡಿಯ’ ಎಂಬ ಮಾಲೆಗೆ ಸೇರಿದ ಕೃತಿ ಇದು. ಮಾಲೆಯ ಲೇಖಕರಿಗೆ ಎರಡು ಪ್ರೇರಣೆಗಳುಂಟೆಂದು ಸಂಪಾದಕರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ವಿಜ್ಞಾನಕ್ಕೆ ತಕ್ಕ ಪ್ರಾಮಾಣಿಕತೆ ಮತ್ತು ಸಹಾನುಭೂತಿಯಿಂದ ಭಾರತೀಯ ಧರ್ಮಗಳನ್ನು ಅರಿಯುವುದು ಒಂದು. ಪ್ರತಿಯೊಂದನ್ನೂ ಕ್ರೈಸ್ತಧರ್ಮದ ಪಕ್ಕದಲ್ಲಿರಿಸಿ ಅವುಗಳ ಸಂಬಂಧವನ್ನು ತೋರುವುದು ಇನ್ನೊಂದು. ಫಾರ್ಕ್ವಾರರು ೧೯೧೩ರಲ್ಲಿ ಪ್ರಕಟಿಸಿದ್ದ ‘ದಿ ಕ್ರೌನ್ ಆಫ್ ಹಿಂದೂಯಿಸಂ’ ಗ್ರಂಥದ ಸಿದ್ಧಾಂತವೂ ಇದಕ್ಕೆ ಹೊಂದುವಂಥದು. ಕ್ರಿಸ್ತನು ಅಳಿಸಲು ಬಂದವನಲ್ಲ, ಪೂರ್ಣಗೊಳಿಸಲು ಬಂದವನು; ಇತರ ಧರ್ಮಗಳು ಸುಳ್ಳಲ್ಲ, ಅಪೂರ್ಣ; ಅವುಗಳ ಹಂಬಲಕ್ಕೆಲ್ಲ ಕ್ರಿಸ್ತನೇ ಮುಕುಟ. ಅನ್ಯರ ದೇವಾಲಯಗಳಲ್ಲಿ ಸೈತಾನನನ್ನಷ್ಟೇ ಕಾಣುತ್ತಿದ್ದ ಹಿಂದಿನ ಪ್ರಚಾರಕರಿಗೆ ಹೋಲಿಸಿದರೆ ಇದು ಉದಾರವಾದ ನಿಲುವೇ. ಆದರೆ ಮುಕುಟವನ್ನು ತೊಡಿಸಬೇಕಾದರೆ ಮೊದಲು ತಲೆಯು ಬರಿದಾಗಿರಬೇಕಷ್ಟೆ. ಸ್ಟೀವನ್ಸನ್ ಅವರ ಕೊನೆಯ ಅಧ್ಯಾಯದ ಶೂನ್ಯವು ಅರ್ಧ ಭಾಗ ಅವಲೋಕನದಿಂದ ಬಂದುದು, ಇನ್ನರ್ಧ ಈ ಮಾಲೆಯ ಅಗತ್ಯದಿಂದ ಬಂದುದು.

ಅನ್ಯಧರ್ಮೀಯನಿಗೆ ಮುಕ್ತಿಯುಂಟೆ ಎಂಬ ಪ್ರಶ್ನೆ ಕ್ರೈಸ್ತ ಲೋಕದಲ್ಲಿ ಅದಕ್ಕಿಂತ ಬಹಳ ಹಳೆಯದು. ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಸೂತ್ರವು ಮೂರನೆಯ ಶತಮಾನದಲ್ಲಿ ಕಾರ್ತೇಜಿನ ಬಿಷಪ್ ಸಿಪ್ರಿಯನ್ನನೊಡನೆ ಜೋಡಣೆಗೊಂಡಿದೆ. ಅವನು ಅದನ್ನು ಹೇಳಿದ್ದು ಸಭೆಯಿಂದ ಸಿಡಿದು ಹೋದ ಕ್ರೈಸ್ತರನ್ನು ಉದ್ದೇಶಿಸಿ. ಕ್ರಿಸ್ತನ ಹೆಸರನ್ನೇ ಕೇಳದವರು ಆಗ ಅವನ ಚರ್ಚೆಯ ವಿಷಯವಾಗಿರಲಿಲ್ಲ. ಮನೆಯೊಳಗಿನ ಜಗಳದಲ್ಲಿ ಹುಟ್ಟಿದ ಮಾತು ಕಾಲಕ್ರಮದಲ್ಲಿ ಊರಿಗೆಲ್ಲ ಅನ್ವಯವಾಯಿತು. ೧೪೪೨ರಲ್ಲಿ ಫ್ಲಾರೆನ್ಸಿನ ಮಹಾಸಭೆಯು ಹೊರಡಿಸಿದ ಶಾಸನವು ಅನ್ಯಧರ್ಮೀಯರು, ಯಹೂದ್ಯರು, ಪಾಷಂಡಿಗಳು, ಭಿನ್ನಮತೀಯರು ಇವರೆಲ್ಲ ಸಾಯುವ ಮುನ್ನ ಸಭೆಯನ್ನು ಸೇರದಿದ್ದಲ್ಲಿ ಶಾಶ್ವತವಾದ ಅಗ್ನಿಗೆ ಗುರಿಯಾಗುವರೆಂದು ಸ್ಪಷ್ಟವಾಗಿ ಸಾರಿತು.

ಈ ಕಠೋರತೆ ಆ ಧರ್ಮದ ಒಳಗಿನ ಮನಸ್ಸಾಕ್ಷಿಯನ್ನು ಚುಚ್ಚದೆ ಬಿಡಲಿಲ್ಲವೆಂಬುದನ್ನೂ ಹೇಳಬೇಕು. ಫ್ಲಾರೆನ್ಸಿನ ಶಾಸನಕ್ಕೆ ನೂರು ವರ್ಷಕ್ಕೂ ಹಿಂದೆ ಅದೇ ನಗರದ ಕವಿ ಡಾಂಟೆಯು ತನ್ನ ಮಹಾಕಾವ್ಯದ ಸ್ವರ್ಗಖಂಡದ ಹತ್ತೊಂಬತ್ತನೆಯ ಸರ್ಗದಲ್ಲಿ ಈ ಸಂಶಯವನ್ನೇ ಎತ್ತಿದ್ದಾನೆ. ಸಿಂಧೂನದಿಯ ದಡದಲ್ಲಿ ಒಬ್ಬನು ಹುಟ್ಟುತ್ತಾನೆ. ಕ್ರಿಸ್ತನ ವಿಷಯ ಹೇಳುವವರು ಅಲ್ಲಿ ಯಾರೂ ಇಲ್ಲ. ನಡೆಯಲ್ಲಿ, ನುಡಿಯಲ್ಲಿ ಅವನದು ನಿರ್ದೋಷವಾದ ಬಾಳು. ಅಂಥವನನ್ನು ದಂಡಿಸುವ ನ್ಯಾಯವೆಂಥದು? ಕಾವ್ಯದಲ್ಲಿ ದೊರೆಯುವ ಮೊದಲ ಉತ್ತರ, ದೈವದ ನ್ಯಾಯವನ್ನು ಅಳೆಯಲು ಮನುಷ್ಯನು ಯಾರು ಎಂಬ ಗದರಿಕೆ. ಪ್ರಶ್ನೆಯ ತೂಕಕ್ಕೆ ಉತ್ತರ ಸಾಲದೆಂದು ಓದಿದವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಯೂರೋಪಿನ ಕವಿಯೊಬ್ಬನಿಗೆ ನಿರ್ದೋಷಿಯಾದ ಅನ್ಯಧರ್ಮೀಯನನ್ನು ಕಲ್ಪಿಸಿಕೊಳ್ಳಬೇಕಾದಾಗ ಭಾರತವೇ ನೆನಪಾಯಿತೆಂಬುದು ಗಮನಾರ್ಹ.

ಅಮೆರಿಕ ಖಂಡವು ಯೂರೋಪಿಗೆ ಪರಿಚಯವಾದ ಮೇಲೆ ಈ ಪ್ರಶ್ನೆ ಕಾವ್ಯದಲ್ಲಿ ಮಾತ್ರ ಉಳಿಯಲಿಲ್ಲ. ಸುವಾರ್ತೆಯನ್ನು ಕೇಳಿಯೇ ಇರದ ಜನರಿಗೆ ಅದನ್ನು ನಂಬದ ದೋಷ ತಟ್ಟದೆಂದು ಸ್ಪೇನಿನ ಸಲಾಮಾಂಕಾದಲ್ಲಿ ಬೋಧಿಸುತ್ತಿದ್ದ ಫ್ರಾನ್ಸಿಸ್ಕೊ ದೆ ವಿಟೋರಿಯಾ ೧೫೩೯ರಲ್ಲಿ ವಾದಿಸಿದನು. ಒಂಬತ್ತನೆಯ ಪಿಯುಸ್ ಪೋಪರು ೧೮೫೪ರಲ್ಲಿಯೂ ೧೮೬೩ರಲ್ಲಿಯೂ, ನಿವಾರಿಸಲಾಗದ ಅಜ್ಞಾನದಲ್ಲಿರುವವರು ದೋಷಿಗಳಲ್ಲವೆಂದು ಒಪ್ಪಿದರು. ಇಪ್ಪತ್ತನೆಯ ಶತಮಾನದ ನಡುವೆ ಒಂದು ವಿಪರ್ಯಾಸವೂ ನಡೆಯಿತು. ಹಳೆಯ ಸೂತ್ರವನ್ನು ಅಕ್ಷರಶಃ ಹಿಡಿದು ಸಾಧಿಸಿದ ಅಮೆರಿಕದ ಪಾದ್ರಿ ಲೆನಾರ್ಡ್ ಫೀನಿಯ ವ್ಯಾಖ್ಯಾನವನ್ನು ರೋಮು ೧೯೪೯ರಲ್ಲಿ ತಳ್ಳಿಹಾಕಿತು. ೧೯೫೩ರಲ್ಲಿ ಅವನನ್ನೇ ಸಭೆಯಿಂದ ಬಹಿಷ್ಕರಿಸಿತು. ಬಹಿಷ್ಕಾರಕ್ಕೆ ನೇರ ಕಾರಣ ಅವಿಧೇಯತೆಯೆಂಬುದು ನಿಜ. ಆದರೂ ಸಭೆಯ ಹೊರಗೆ ರಕ್ಷಣೆಯಿಲ್ಲವೆಂದು ಹಟ ಹಿಡಿದವನು ಸಭೆಯ ಹೊರಗಾದನು. ಮುಂದೆ ೧೯೭೨ರಲ್ಲಿ ಅವನನ್ನು ಮರಳಿ ಸೇರಿಸಿಕೊಳ್ಳಲಾಯಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಿರ್ಣಯಗಳು ಈ ದೀರ್ಘ ಪಯಣದ ಮುಖ್ಯ ತಿರುವು. ೧೯೬೪ರ ಶಾಸನವು ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನರಿಯದೆ ದೇವರನ್ನು ಅರಸುವವರಿಗೂ, ಅಷ್ಟೇ ಅಲ್ಲದೆ ದೇವರ ಸ್ಪಷ್ಟ ಅರಿವಿಗೆ ಇನ್ನೂ ಬಾರದೆ ಸದಾಚಾರದಲ್ಲಿ ಬಾಳಲು ಯತ್ನಿಸುವವರಿಗೂ ರಕ್ಷಣೆ ಸಾಧ್ಯವೆಂದಿತು. ೧೯೬೫ರ ಅಕ್ಟೋಬರ್ ೨೮ರಂದು ಹೊರಟ ಘೋಷಣೆಯು ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಸಭೆಯು ನಿರಾಕರಿಸದೆಂದು ತಿಳಿಸಿತು. ಹಿಂದೂ, ಬೌದ್ಧ, ಇಸ್ಲಾಂ, ಯಹೂದಿ ಧರ್ಮಗಳ ಹೆಸರು ಅದರಲ್ಲಿದೆ, ಜೈನಧರ್ಮದ ಹೆಸರಿಲ್ಲ. ಇದನ್ನೊಂದು ದೊಡ್ಡ ಅವಮಾನವೆಂದು ಎಣಿಸಬೇಕಾಗಿಲ್ಲ. ಆದರೆ ಜೈನನಿಗೆ ಅಲ್ಲಿ ದೊರೆಯುವ ಸ್ಥಾನವಾವುದೆಂದು ನೋಡಿದರೆ ತೊಡಕು ತಿಳಿಯುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಅವನು, ದೇವರ ಅರಿವಿಗೆ ಇನ್ನೂ ಬಾರದವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸೃಷ್ಟಿಕರ್ತನೆಂಬ ಪಕ್ಷವನ್ನು ಶತಮಾನಗಳ ಕಾಲ ಪರೀಕ್ಷಿಸಿ ನಿರಾಕರಿಸಿದ ತರ್ಕಪರಂಪರೆಯು ‘ಇನ್ನೂ’ ಎಂಬೊಂದು ಮಾತಿನಲ್ಲಿ ಅರಿವಿನ ಕೊರತೆಯಾಗಿ ಬಿಡುತ್ತದೆ. ಒಪ್ಪದಿರುವುದು ಬೇರೆ, ಅರಿಯದಿರುವುದು ಬೇರೆ.

ಮಹಾಸಭೆಯ ಹಿಂದೆ ಮುಂದೆ ಈ ವಿಚಾರವನ್ನು ಅತ್ಯಂತ ಆಳಕ್ಕೆ ಒಯ್ದವರು ಜರ್ಮನಿಯ ಜೆಸ್ಯುಯಿಟ್ ದೇವಶಾಸ್ತ್ರಜ್ಞ ಕಾರ್ಲ್ ರಾನರ್. ದೇವರು ಎಲ್ಲರ ರಕ್ಷಣೆಯನ್ನೂ ಬಯಸುವನಾದರೆ, ಆ ಕೃಪೆಯು ಎಲ್ಲರನ್ನೂ ಅವರವರು ಬಾಳುವ ನೆಲೆಯಲ್ಲಿಯೇ ಮುಟ್ಟಬೇಕು. ಆದ್ದರಿಂದ ಅನ್ಯಧರ್ಮೀಯನೂ ಅರಿಯದೆಯೇ ಕ್ರಿಸ್ತನ ಕೃಪೆಯಲ್ಲಿ ಬಾಳುವ ‘ಅನಾಮಿಕ ಕ್ರೈಸ್ತ’ನಾಗಿರಬಲ್ಲನು ಎಂದು ೧೯೬೧ರ ಉಪನ್ಯಾಸವೊಂದರಲ್ಲಿ ಅವರು ಪ್ರತಿಪಾದಿಸಿದರು. ಜಪಾನಿನ ದಾರ್ಶನಿಕ ನಿಶಿತಾನಿ ಕೇಜಿಯು ಅವರನ್ನು, ತಮ್ಮನ್ನು ಅನಾಮಿಕ ಝೆನ್ ಬೌದ್ಧರೆಂದು ಕರೆದರೆ ಹೇಗೆ ಎಂದು ಕೇಳಿದ ಪ್ರಸಂಗವನ್ನು ಸ್ವತಃ ರಾನರರೇ ದಾಖಲಿಸಿದ್ದಾರೆ. ಹಾಗೆ ಕರೆಯುವ ಹಕ್ಕು ಬೌದ್ಧನಿಗುಂಟೆಂದೂ, ಅದು ತಮಗೆ ಗೌರವವೆಂದೂ ಅವರು ಉತ್ತರಿಸಿದರು. ಈ ಉತ್ತರದಲ್ಲಿ ಪ್ರಾಮಾಣಿಕತೆಯಿದೆ. ಅನಾಮಿಕ ಕ್ರೈಸ್ತನೆಂಬುದು ಅಹಂಕಾರದ ಮಾತೆಂಬ ಆಕ್ಷೇಪಣೆ ಸಾಮಾನ್ಯವಾದರೂ ಅದು ಗುರಿ ಮುಟ್ಟುವುದಿಲ್ಲ.

ನಿಜವಾದ ತೊಡಕಿರುವುದು ಬೇರೆಡೆ. ಕಾಯೋತ್ಸರ್ಗದಲ್ಲಿ ನಿಂತ ದಿಗಂಬರ ಮುನಿಯೊಬ್ಬನನ್ನು ಊಹಿಸಿಕೊಳ್ಳಬೇಕು. ಸಂವರದಿಂದ ಹೊಸ ಕರ್ಮದ ಆಸ್ರವವನ್ನು ತಡೆದು, ತಪಸ್ಸಿನಿಂದ ಹಳೆಯ ಕರ್ಮವನ್ನು ನಿರ್ಜರಿಸುತ್ತಿರುವೆನೆಂದು ಅವನು ತಿಳಿದಿದ್ದಾನೆ. ಕೊಡುವವನೊಬ್ಬನಿದ್ದಾನೆ, ತಾನು ಪಡೆಯುವವನು ಎಂಬ ಭಾವವೇ ಅವನ ಸಾಧನೆಗೆ ವಿರುದ್ಧವಾದುದು. ರಾನರರ ಸಿದ್ಧಾಂತವು ಈ ಮುನಿಯನ್ನು ಉಳಿಸುತ್ತದೆ. ಆದರೆ ಅವನೊಳಗೆ ನಡೆಯುತ್ತಿರುವುದೇನೆಂಬ ವಿಷಯದಲ್ಲಿ ಅವನೇ ತಪ್ಪು ತಿಳಿದಿದ್ದಾನೆಂದು ಹೇಳಿಯೇ ಉಳಿಸುತ್ತದೆ. ಹಾಗೆ ಹೇಳುವ ಹಕ್ಕು ಯಾವ ಧರ್ಮಕ್ಕೂ ಉಂಟು. ಮಿಥ್ಯಾತ್ವದ ವಿಚಾರವಾಗಿ ಜೈನ ಶಾಸ್ತ್ರಗಳು ಹೇಳುವುದೂ ಅದನ್ನೇ ಅಲ್ಲವೆ? ಆದರೆ ಆಗ ಅದನ್ನು ಔದಾರ್ಯವೆಂದು ಕರೆಯಲಾಗದು. ಅದು ಜೀವದ ಸ್ವರೂಪವನ್ನು ಕುರಿತ ಭಿನ್ನಾಭಿಪ್ರಾಯ. ಅದನ್ನು ಹಾಗೆಂದೇ ಒಪ್ಪಿ ಚರ್ಚಿಸುವುದು ಇಬ್ಬರಿಗೂ ಗೌರವದ ದಾರಿ.

ಇಂಗ್ಲೆಂಡಿನ ಜಾನ್ ಹಿಕ್ ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ಕೇಂದ್ರದಲ್ಲಿರುವುದು ಕ್ರೈಸ್ತಧರ್ಮವಲ್ಲ, ದೇವರು. ಧರ್ಮಗಳೆಲ್ಲ ಅವನ ಸುತ್ತಲೂ ತಿರುಗುವ ಗ್ರಹಗಳೆಂಬುದು ಅವರ ವಾದ. ಮುಂದೆ ಅವರು ‘ದೇವರು’ ಎಂಬ ಸ್ಥಾನದಲ್ಲಿ ‘ಪರಮಸತ್’ ಎಂಬಂಥ ಪದವನ್ನಿರಿಸಿ, ಮುಕ್ತಿಯೆಂದರೆ ಅಹಂಕೇಂದ್ರದಿಂದ ಪರಮಸತ್ಕೇಂದ್ರದೆಡೆಗೆ ತಿರುಗುವುದೆಂದು ನಿರೂಪಿಸಿದರು. ಸರ್ವಧರ್ಮ ಸಮ್ಮೇಳನಗಳಲ್ಲಿ ಕೇಳಲು ಹಿತವಾದ ಮಾತಿದು. ಆದರೆ ಅನಂತ ಸಿದ್ಧಾತ್ಮರು ಪ್ರತ್ಯೇಕವಾಗಿಯೇ ಸಿದ್ಧಶಿಲೆಯಲ್ಲಿ ನೆಲೆಸುವರೆನ್ನುವ ದರ್ಶನದಲ್ಲಿ ಎಲ್ಲರೂ ತಿರುಗಬೇಕಾದ ಆ ಒಂದು ಕೇಂದ್ರವಾವುದು? ಆತ್ಮನು ತನ್ನ ಸ್ವಭಾವಕ್ಕೆ ಮರಳುವುದೇ ಇಲ್ಲಿ ಮೋಕ್ಷ. ಎಲ್ಲರನ್ನೂ ಸಮವಾಗಿ ಕಾಣಲು ಹೊರಟ ಹಿಕ್ ಅವರು ಎಲ್ಲರಿಗೂ ಒಂದೇ ಗುರಿಯನ್ನು ಹಚ್ಚಿದರು.

ಅತ್ತ ರೋಮು ೨೦೦೦ದ ಆಗಸ್ಟ್ ತಿಂಗಳ ದಿನಾಂಕವನ್ನು ಹೊತ್ತ ಘೋಷಣೆಯೊಂದರಲ್ಲಿ, ಅನ್ಯಧರ್ಮೀಯರಿಗೆ ಕೃಪೆ ದೊರೆಯಬಹುದಾದರೂ ವಸ್ತುತಃ ಅವರ ಸ್ಥಿತಿಯು ತೀವ್ರ ಕೊರತೆಯದೆಂದು ಮತ್ತೆ ನೆನಪಿಸಿತು. ಭಾರತದಲ್ಲಿ ಮೂವತ್ತಾರು ವರ್ಷ ನೆಲೆಸಿ ಬೋಧಿಸಿದ್ದ ಬೆಲ್ಜಿಯಂ ದೇಶದ ಜಾಕ್ ದ್ಯುಪ್ವಿ ಅವರ ೧೯೯೭ರ ಗ್ರಂಥವನ್ನು ಕುರಿತು ೨೦೦೧ರಲ್ಲಿ ಎಚ್ಚರಿಕೆಯ ಪ್ರಕಟಣೆ ಹೊರಟಿತು. ಇತರ ಧರ್ಮಗಳ ಬಹುತ್ವವೂ ದೇವರ ಯೋಜನೆಯಲ್ಲಿ ಸೇರಿದುದಿರಬಹುದೆಂಬ ಅವರ ಚಿಂತನೆಯು ಅಲ್ಲಿನ ಹಿರಿಯರಿಗೆ ಅತಿಯೆನಿಸಿತು.

ಕನ್ನಡ ಬೈಬಲಿನಲ್ಲಿ ಬಳಕೆಯಾಗಿರುವ ಪದವು ‘ರಕ್ಷಣೆ’. ಜೈನ ಶಾಸ್ತ್ರಗಳ ಪದ ‘ಮೋಕ್ಷ’. ಮೊದಲಿನದಕ್ಕೆ ರಕ್ಷಕನೊಬ್ಬನು ಬೇಕು. ಅವನಿಲ್ಲದೆ ಆ ಪದಕ್ಕೇ ಅರ್ಥವಿಲ್ಲ. ಎರಡನೆಯದು ಬಿಡುಗಡೆ, ಕಟ್ಟು ಕಳಚಿದರೆ ಸಾಕು, ಕಳಚುವವನು ಬೇರೆಯಾಗಿರಬೇಕಿಲ್ಲ. ಸಿಪ್ರಿಯನ್ನನಿಂದ ಹಿಕ್ ಅವರವರೆಗೆ ನಡೆದ ವಾದವೆಲ್ಲ, ಅನ್ಯನಿಗೆ ದೊರೆಯುವುದೋ ಇಲ್ಲವೋ ಎಂಬುದರ ಸುತ್ತ ನಡೆಯಿತು. ಅನ್ಯನು ಬಯಸಿದ್ದೇನು ಎಂಬ ಪ್ರಶ್ನೆ ಹಿಂದೆ ಸರಿಯಿತು. ಈ ಪ್ರಶ್ನೆಯನ್ನು ಮುಂದಕ್ಕೆ ತಂದವರು ಅಮೆರಿಕದ ಬ್ಯಾಪ್ಟಿಸ್ಟ್ ವಿದ್ವಾಂಸ ಮಾರ್ಕ್ ಹೈಮ್. ೧೯೯೫ರ ಅವರ ಗ್ರಂಥದ ಹೆಸರೇ ‘ಸಾಲ್ವೇಷನ್ಸ್’ ಎಂಬ ಬಹುವಚನ. ಬೌದ್ಧನ ನಿರ್ವಾಣವು ಕ್ರೈಸ್ತನ ಸ್ವರ್ಗಕ್ಕೆ ಇನ್ನೊಂದು ಹೆಸರಲ್ಲ. ಭಿನ್ನ ಮಾರ್ಗಗಳು ಭಿನ್ನ ಗುರಿಗಳನ್ನೇ ಮುಟ್ಟಬಹುದು ಎಂದು ಅವರು ವಾದಿಸುತ್ತಾರೆ. ಕೊನೆಗೆ ಅವರೂ ತಮ್ಮ ಧರ್ಮದ ಗುರಿಯನ್ನೇ ಶ್ರೇಷ್ಠವೆಂದು ಎಣಿಸುವರಾದರೂ, ಅನ್ಯನ ಗುರಿಯನ್ನು ಅವನ ಮಾತಿನಲ್ಲಿಯೇ ಕೇಳಿಸಿಕೊಳ್ಳುವ ಸೌಜನ್ಯ ಅವರಲ್ಲಿದೆ.

ಈ ಹಿನ್ನೆಲೆಯಲ್ಲಿ ಸ್ಟೀವನ್ಸನ್ ಅವರ ಮುಖ್ಯ ಆಕ್ಷೇಪಣೆಗೆ ಮರಳಬಹುದು. ಇತರರನ್ನು ಕ್ಷಮಿಸುವುದು ಕರ್ತವ್ಯವೆಂದು ಜೈನರು ದೃಢವಾಗಿ ನಂಬುತ್ತಾರೆ, ಆದರೆ ತಮ್ಮನ್ನು ಕ್ಷಮಿಸುವ ಉನ್ನತ ಶಕ್ತಿಯ ಆಸರೆ ಅವರಿಗಿಲ್ಲ ಎಂಬುದು ಅವರ ಮಾತಿನ ಸಾರ. ಮಾತಿನ ಮೊದಲರ್ಧವನ್ನು ಅವರು ಇನ್ನೊಂದಿಷ್ಟು ಹೊತ್ತು ನೋಡಿದ್ದರೆ ಎರಡನೆಯ ಅರ್ಧದ ಶೂನ್ಯ ಅಷ್ಟು ದೊಡ್ಡದಾಗಿ ತೋರುತ್ತಿರಲಿಲ್ಲ. ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಜೈನನು ಕ್ಷಮೆ ಕೇಳುವುದು ತೀರ್ಥಂಕರನನ್ನಲ್ಲ. ತೀರ್ಥಂಕರನಿಗೆ ಅವನೇನು ಕೇಡು ಮಾಡಿದ್ದಾನೆ? ಕೇಡು ನಡೆದಿರುವುದು ನೆರೆಯವನಿಗೆ, ಅಣ್ಣತಮ್ಮನಿಗೆ, ಅಂಗಡಿಯ ಆಳಿಗೆ, ಕಾಲಡಿಯಲ್ಲಿ ನುಚ್ಚಾದ ಜೀವಿಗೆ. ಕ್ಷಮೆಯನ್ನು ಕೇಳಬೇಕಾದುದು ಅವರನ್ನೇ. ನೊಂದವನನ್ನು ಬದಿಗಿರಿಸಿ ಮೇಲಿನವನಲ್ಲಿ ಕ್ಷಮೆ ಪಡೆಯುವುದು ಅಪೂರ್ಣವೆಂಬ ಅರಿವು ಕ್ರಿಸ್ತನ ಉಪದೇಶದಲ್ಲಿಯೂ ಉಂಟು; ಬಲಿಪೀಠದ ಮುಂದೆ ಕಾಣಿಕೆಯನ್ನಿಟ್ಟು ಹೋಗಿ ಮೊದಲು ಸೋದರನೊಡನೆ ಸಮಾಧಾನವಾಗಬೇಕೆಂದು ಗಿರಿಪ್ರವಚನವು ವಿಧಿಸುತ್ತದೆ.

ಆದರೂ ಆಕ್ಷೇಪಣೆಯಲ್ಲಿ ಉಳಿಯುವ ಒಂದು ಅಂಶವುಂಟು, ಅದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ಒಪ್ಪದು. ನೊಂದವನು ಸತ್ತುಹೋಗಿದ್ದರೆ? ನೋಯಿಸಿದವನು ಮುಪ್ಪಿನಲ್ಲಿ ಎಚ್ಚೆತ್ತು, ಕೇಳಲು ಯಾರೂ ಉಳಿಯದೆ ಒಬ್ಬನೇ ಕುಳಿತಿದ್ದರೆ? ಕ್ರೈಸ್ತನು ಅವನಿಗೆ ಆ ಕ್ಷಣದಲ್ಲಿಯೇ ಕೊಡಬಲ್ಲ ಸಾಂತ್ವನ ಜೈನನಲ್ಲಿಲ್ಲ. ಪ್ರತಿಕ್ರಮಣ, ಪ್ರಾಯಶ್ಚಿತ್ತ, ತಪಸ್ಸು, ಕಾಲ ಇವಿಷ್ಟೇ ಇಲ್ಲಿರುವ ದಾರಿ. ಇದು ಬರಿದಲ್ಲ, ಕಠಿಣ. ಮಿಷನ್ ಶಾಲೆಯಲ್ಲಿ ಓದುವ ಮಕ್ಕಳು ಈ ಪ್ರಶ್ನೆಯನ್ನು ಮನೆಗೆ ತಂದಾಗ ಹಿರಿಯರು ಎಲ್ಲ ಧರ್ಮಗಳೂ ಒಂದೇ ಎಂದು ಹೇಳಿ ಕಳುಹಿಸುವುದಕ್ಕಿಂತ, ಈ ಕಠಿಣತೆಯನ್ನು ಕಠಿಣತೆಯೆಂದೇ ತಿಳಿಸುವುದು ಲೇಸು. ಅನೇಕಾಂತವೆಂದರೆ ಎಲ್ಲವೂ ಸತ್ಯವೆಂಬ ಅರ್ಥವನ್ನು ವೇದಿಕೆಗಳ ಮೇಲೆ ಹರಡಿರುವುದು ದುರದೃಷ್ಟ. ಸಮಂತಭದ್ರರ ಆಪ್ತಮೀಮಾಂಸೆಯು ಏಕಾಂತವಾದಗಳನ್ನು ಒಂದೊಂದಾಗಿ ಪರೀಕ್ಷಿಸಿ ಖಂಡಿಸುವ ಗ್ರಂಥ. ಎಲ್ಲರ ಬೆನ್ನು ತಟ್ಟುವ ಗ್ರಂಥವಲ್ಲ.

ಅನ್ಯರ ಮನೆಯ ಲೆಕ್ಕ ಕೇಳಿದ ಮೇಲೆ ಸ್ವಂತ ಮನೆಯ ಲೆಕ್ಕವನ್ನೂ ತೆರೆಯಬೇಕು. ಎಂದೆಂದಿಗೂ ಮೋಕ್ಷಕ್ಕೆ ಅರ್ಹವಾಗದ ಅಭವ್ಯ ಜೀವಗಳುಂಟೆಂದು ಜೈನ ಸಿದ್ಧಾಂತವು ಹೇಳುತ್ತದೆ. ಅವು ಮಾಡಿದ ಯಾವ ತಪ್ಪೂ ಅದಕ್ಕೆ ಕಾರಣವಲ್ಲ, ಸ್ವಭಾವವೇ ಕಾರಣ. ಮೂಡಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ ಹುಟ್ಟಿ ವಿಶ್ವಖ್ಯಾತರಾದ ವಿದ್ವಾಂಸ ಪದ್ಮನಾಭ ಜೈನಿಯವರು ೧೯೭೭ರ ಲೇಖನವೊಂದರಲ್ಲಿ ಇದನ್ನು ಪಾಶ್ಚಾತ್ಯರ ಪೂರ್ವನಿಯತಿವಾದದ ಹೆಸರಿನಿಂದಲೇ ಚರ್ಚಿಸಿದರು. ಫ್ಲಾರೆನ್ಸಿನ ಶಾಸನವನ್ನು ಓದಿ ಬೆಚ್ಚುವ ಜೈನನು ಅಭವ್ಯತ್ವದ ವಿಚಾರದಲ್ಲಿ ಮೌನವಾಗಿರುವುದು ತರವಲ್ಲ. ಒಂದು ಭೇದವಂತೂ ಇದೆ. ಜೈನರ ನರಕಕ್ಕೆ ಅವಧಿಯುಂಟು; ಏಳನೆಯ ನರಕದ ಪರಮಾಯುಷ್ಯವೂ ಮೂವತ್ತಮೂರು ಸಾಗರೋಪಮಕ್ಕೆ ಮುಗಿಯುತ್ತದೆ. ಒಂದು ಜನ್ಮದ ತಪ್ಪು ನಂಬಿಕೆಗೆ ಶಾಶ್ವತವಾದ ಅಗ್ನಿಯೆಂಬುದು ಇಲ್ಲಿಲ್ಲ. ಭವ್ಯನಾದ ಅನ್ಯಧರ್ಮೀಯನಿಗೆ ಆಗಬಹುದಾದುದು ವಿಳಂಬ.

ಎಷ್ಟು ವಿಳಂಬ? ಈ ಜನ್ಮದಲ್ಲಿಯೇ, ಅನ್ಯಮತದ ವೇಷದಲ್ಲಿಯೇ ಸಿದ್ಧಿ ಪಡೆಯಬಹುದೆ? ಇಲ್ಲಿ ಜೈನ ಪರಂಪರೆಯೇ ಒಡೆದು ನಿಲ್ಲುತ್ತದೆ. ಶ್ವೇತಾಂಬರ ಆಗಮಗಳು ಹದಿನೈದು ಬಗೆಯ ಸಿದ್ಧರನ್ನು ಎಣಿಸುವಾಗ ಅನ್ಯಲಿಂಗಸಿದ್ಧರನ್ನೂ ಸೇರಿಸುತ್ತವೆ. ವಸ್ತ್ರಧಾರಿಯು ತೀರ್ಥಂಕರನೇ ಆಗಿದ್ದರೂ ಸಿದ್ಧಿಯಿಲ್ಲವೆಂಬ ಕುಂದಕುಂದರ ನಿಲುವನ್ನು ಹಿಡಿದ ದಿಗಂಬರರು ಅದನ್ನು ಒಪ್ಪುವುದಿಲ್ಲ. ಇವರಿಬ್ಬರ ನಡುವೆ ಕರ್ನಾಟಕದ ಮಣ್ಣಿನಲ್ಲಿಯೇ ಬಾಳಿದ ಮೂರನೆಯ ಸಂಘವೊಂದಿತ್ತು. ಹಲಸಿಯಲ್ಲಿ ದೊರೆತ ಕದಂಬ ಮೃಗೇಶವರ್ಮನ ತಾಮ್ರಶಾಸನವು ಐದನೆಯ ಶತಮಾನದಲ್ಲಿಯೇ ಯಾಪನೀಯರಿಗೆ ದಾನ ನೀಡಿದುದನ್ನು ತಿಳಿಸುತ್ತದೆ. ಅವರ ಮುನಿಗಳು ದಿಗಂಬರರಂತೆ ನಗ್ನರು. ಆದರೆ ಸ್ತ್ರೀಯರಿಗೆ ಅದೇ ಭವದಲ್ಲಿ ಮೋಕ್ಷವುಂಟೆಂದರು. ಪರಶಾಸನದಲ್ಲಿರುವವರಿಗೂ, ಪರಿಗ್ರಹವನ್ನು ಪೂರ್ತಿ ತೊರೆಯದವರಿಗೂ ಮೋಕ್ಷವುಂಟೆಂದು ಅವರು ಹೇಳುತ್ತಿದ್ದುದನ್ನು ಹದಿನಾರನೆಯ ಶತಮಾನದ ದಿಗಂಬರ ವ್ಯಾಖ್ಯಾನಕಾರ ಶ್ರುತಸಾಗರನು ಆಕ್ಷೇಪಣೆಯ ಧಾಟಿಯಲ್ಲಿ ದಾಖಲಿಸಿದ್ದಾನೆ. ‘ಪರಶಾಸನದಲ್ಲಿ ಮೋಕ್ಷ’ ಎಂಬ ಆ ಮಾತು ವ್ಯಾಟಿಕನ್ ಮಹಾಸಭೆಯು ಸೇರುವ ಎಷ್ಟೋ ಶತಮಾನಗಳ ಹಿಂದಿನದು. ಆ ಸಂಘವು ಮುಂದೆ ಅಳಿಯಿತು. ಅದರ ಬಸದಿಗಳು ದಿಗಂಬರರ ಪೂಜೆಗೆ ಬಂದವು. ಬೆಳಗಾವಿಯ ದೊಡ್ಡಬಸದಿಯಲ್ಲಿ ದಿಗಂಬರ ಶ್ರಾವಕರು ಕೈಮುಗಿಯುತ್ತ ಬಂದಿರುವ ನೇಮಿನಾಥಸ್ವಾಮಿಯ ಬಿಂಬದ ಪೀಠದಲ್ಲಿ ಯಾಪನೀಯ ಸಂಘದ ಹೆಸರು ಕೆತ್ತಲ್ಪಟ್ಟಿದೆ.